ಐದನೆಯ ಗುಂಡಿಯ ದಾರ

ಆ ಅಂಗಡಿಯಲ್ಲಿ ಮಾತೆಲ್ಲ ಹೆಂಡತಿಯದು, ಮೌನವೆಲ್ಲ ಗಂಡನದು. ಅದಕ್ಕೆ ಕಾರಣವೂ ಇತ್ತು. ಗಿರಾಕಿಯ ಮೈಮೇಲೆ ಬಟ್ಟೆ ಇಟ್ಟು ಅಳತೆಗೆ ಮಡಿಸುವಾಗ ಗಂಡನ ತುಟಿಗಳ ನಡುವೆ ಏಳೆಂಟು ಗುಂಡುಪಿನ್ನುಗಳು ಸಾಲಾಗಿ ನಿಂತಿರುತ್ತಿದ್ದವು. ಬಾಯಿ ತೆರೆದರೆ ಪಿನ್ನು ಗಂಟಲಿಗಿಳಿದೀತು. ಹಾಗಾಗಿ ಯಾರು ಏನು ಕೇಳಿದರೂ 'ಹೂಂ' ಅಂದರೆ ಆಗುತ್ತದೆ, 'ಊಹೂಂ' ಅಂದರೆ ಆಗುವುದಿಲ್ಲ. ಯಾವತ್ತು ಸಿಗುತ್ತೆ, ಎಷ್ಟಾಗುತ್ತೆ, ಹೋದ ಸಲ ಸೊಂಟ ಬಿಗಿಯಾಗಿತ್ತಲ್ಲ ಎಂಬಂಥ ಮಿಕ್ಕ ಮಾತುಕತೆಗೆಲ್ಲ ಹೆಂಡತಿಯೇ ಸೈ. ಇಪ್ಪತ್ತಾರು ವರ್ಷ ಹೀಗೇ ನಡೆದು, ಪಿನ್ನು ಇಲ್ಲದಾಗಲೂ ಗಂಡನಿಗೆ ಮಾತು ಬೇಡವಾಗಿಹೋಗಿತ್ತು.

ಗಂಡನನ್ನು ಎಲ್ಲರೂ ಮಾಸ್ಟರ್ ಅನ್ನುತ್ತಿದ್ದರು. ಹೆಂಡತಿಯನ್ನು, ಗುಂಡಿ ಹಾಕುವವಳೆಂದು, ಗುಂಡಕ್ಕ.

"ಸೂಜಿ ಹಾಗಿದೀನಿ, ನನ್ನನ್ನ ಗುಂಡಕ್ಕ ಅಂತೀರಲ್ಲ, ನಿಮ್ಮ ಕಣ್ಣಿಗೇನಾಗಿದೆ?" ಅಂತ ಅವಳು ಹೊಸ ಗಿರಾಕಿಗಳನ್ನು ದಬಾಯಿಸುವುದಿತ್ತು. ಹೇಳಿ ತಾನೇ ಮೊದಲು ನಗುವಳು.

ಕತ್ತರಿಸುವುದು, ಮಷಿನ್ನಿನ ಹೊಲಿಗೆ ಮಾಸ್ಟರದು. ಅಂಚು ಮಡಿಸಿ ಹೊಲಿಯುವುದು, ಕಾಜಾ, ಹುಕ್ಕು, ಗುಂಡಿ ಎಲ್ಲ ಗುಂಡಕ್ಕನದು. ಗಂಟು ಹಾಕಿದ ಮೇಲೆ ಅವಳು ಕತ್ತರಿ ಹುಡುಕುವವಳಲ್ಲ. ಕತ್ತರಿ ಎತ್ತಿ ಇಡುವಷ್ಟರಲ್ಲಿ ಇನ್ನೊಂದು ಗುಂಡಿ ಆಗುತ್ತದೆ ಎಂಬುದು ಅವಳ ಲೆಕ್ಕ. ಬಟ್ಟೆಯನ್ನು ಮುಖಕ್ಕೆ ತಂದು, ದಾರವನ್ನು ಬುಡದಲ್ಲೇ ಮುಂದಿನ ಹಲ್ಲಿಗೆ ಸಿಕ್ಕಿಸಿ, 'ಟಕ್' ಅಂತ ಕಚ್ಚಿಬಿಡುವಳು. ಆಮೇಲೆ ಆ ಜಾಗದ ಮೇಲೆ ಬೆರಳಾಡಿಸಿದರೆ ದಾರದ ತುದಿಯೇ ಸಿಗುತ್ತಿರಲಿಲ್ಲ. "ಇದು ಗುಂಡಕ್ಕನ ಕೈಯಲ್ಲಮ್ಮ, ಗುಂಡಕ್ಕನ ಹಲ್ಲು," ಅಂತ ಬಲ್ಲವರು ಹೇಳುತ್ತಿದ್ದರು. ಆ ಹಲ್ಲಿನ ಅಂಚಿನಲ್ಲಿ ದಾರ ಓಡಾಡಿ ಓಡಾಡಿ ಸಣ್ಣದೊಂದು ಕಚ್ಚು ಬಿದ್ದಿತ್ತು. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗದ ಗುರುತು ಬೀಳುವುದಿಲ್ಲವೆ, ಹಾಗೆ.

ಆ ಹಲ್ಲೇ ಒಂದು ಬೆಳಗ್ಗೆ ಕೈಕೊಟ್ಟಿತು. ತಣ್ಣೀರು ಬಾಯಿಗೆ ಹಾಕಿದ್ದೇ ತಡ, ಮೂಗಿನ ಬುಡದಿಂದ ನೆತ್ತಿಯವರೆಗೆ ಯಾರೋ ದಬ್ಬಣ ಚುಚ್ಚಿದಂತಾಯಿತು. ಎರಡು ದಿನ ಲವಂಗ ಕಚ್ಚಿಕೊಂಡಳು. ಮೂರನೆಯ ದಿನ ಮೇಲ್ದುಟಿ ಬನ್ನಿನ ಹಾಗೆ ಉಬ್ಬಿತು. ಪ್ಯಾಂಟಿನ ಜೇಬು ಹೊಲಿಸಲು ಬಂದ ಬಸ್ ಕಂಡಕ್ಟರ್ ನೋಡಿ, "ಏನಕ್ಕಾ, ಮಾಸ್ಟರು ಕೊನೆಗೂ ಮಾತಾಡಿದ್ರಾ, ಕೈಯಲ್ಲಿ?" ಅಂದ. ಮಾಸ್ಟರು ಪಿನ್ನಿನ ಸಂದಿಯಿಂದಲೇ "ಊಹೂಂ!" ಅಂದ ರಭಸಕ್ಕೆ ಎರಡು ಪಿನ್ನು ನೆಲಕ್ಕೆ ಬಿದ್ದವು. ಗುಂಡಕ್ಕನಿಗೆ ನಗು ಬಂತು, ನಕ್ಕರೆ ಜೀವ ಹೋಗುವಷ್ಟು ನೋವು.

ಔಷಧಿ ಅಂಗಡಿಯ ಮಹಡಿಯಲ್ಲಿ ಹಲ್ಲಿನ ಆಸ್ಪತ್ರೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಅವಳ ಬಿಳಿ ಕೋಟಿನ ಕೆಳಅಂಚು ಬಿಚ್ಚಿಹೋಗಿ, ಅದಕ್ಕೆ ಕಾಗದಕ್ಕೆ ಹೊಡೆಯುವ ಸ್ಟೇಪ್ಲರ್ ಪಿನ್ನು ಹೊಡೆದಿದ್ದನ್ನು ಗುಂಡಕ್ಕ ಆ ನೋವಿನಲ್ಲೂ ಗಮನಿಸಿದಳು. ಡಾಕ್ಟರಮ್ಮ ಹಲ್ಲಿನ ಕಚ್ಚನ್ನು ಗಮನಿಸಿದಳು.

"ಟೈಲರಾ ನೀವು?"

"ಹೇಗೆ ಗೊತ್ತಾಯ್ತು?"

"ಹಲ್ಲೇ ಹೇಳ್ತಿದೆಯಲ್ಲ. ದಾರ ಕಚ್ಚಿ ಕಚ್ಚಿ ಒಳಗಿನ ನರ ಸತ್ತುಹೋಗಿದೆ. ಕೀವು ತುಂಬಿದೆ. ರೂಟ್ ಕೆನಾಲ್ ಮಾಡಿ ಮೇಲೆ ಕ್ಯಾಪ್ ಹಾಕಿದ್ರೆ ಹಲ್ಲು ಉಳಿಯುತ್ತೆ. ಮೂರು ಸಲ ಬರಬೇಕು. ಇವತ್ತು ನಾಲ್ಕು ಸಾವಿರ, ಮುಂದಿನ ಸಲ ಮೂರು, ಕ್ಯಾಪಿಗೆ ಐದು."

"ಕಿತ್ತುಬಿಟ್ರೆ?"

"ಎಂಟು ನೂರು. ಆದ್ರೆ ಮುಂದಿನ ಹಲ್ಲಮ್ಮ ಇದು." ಡಾಕ್ಟರಮ್ಮ ಕನ್ನಡಿಯ ಕಡ್ಡಿಯನ್ನು ಕೆಳಗಿಟ್ಟಳು. "ಮನೇಲಿ ಕೇಳಿಕೊಂಡು ಬನ್ನಿ. ಆದ್ರೆ ತಡ ಮಾಡಬೇಡಿ."

ಹನ್ನೆರಡು ಸಾವಿರ. ಬ್ಯಾಂಕಿನಲ್ಲಿ ಅವರ ಹತ್ತಿರ ಇದ್ದಿದ್ದು ಮೂವತ್ತನಾಲ್ಕು. ಅದು ಬರಿಯ ಹಣವಲ್ಲ, ಓವರ್‌ಲಾಕ್ ಮಷಿನ್ನು. ಬಟ್ಟೆಯ ಒಳಅಂಚು ಬಿಚ್ಚಿಕೊಳ್ಳದ ಹಾಗೆ ಹೊಲಿಯುವ ಮಷಿನ್ನು ಅವರ ಅಂಗಡಿಯಲ್ಲಿರಲಿಲ್ಲ. ಅದಕ್ಕಾಗಿ ಮಾಸ್ಟರು ಗಂಟು ಹೊತ್ತು, ಒಂದು ಮೊಣಕಾಲು ಎಳೆಯುತ್ತ, ಎರಡು ಬೀದಿ ದಾಟಿ ಇನ್ನೊಬ್ಬರ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿಯವನು ತನ್ನ ಕೆಲಸ ಮುಗಿಯುವವರೆಗೆ ಅವರನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸುತ್ತಿದ್ದ. ಒಮ್ಮೆ ಗುಂಡಕ್ಕ ಅದೇ ದಾರಿಯಲ್ಲಿ ಬರುವಾಗ ನೋಡಿದ್ದಳು. ಇಷ್ಟು ವರ್ಷದ ಮಾಸ್ಟರು ತೊಡೆಯ ಮೇಲೆ ಗಂಟು ಇಟ್ಟುಕೊಂಡು, ಕೆಲಸ ಕೇಳಲು ಬಂದವರ ಹಾಗೆ ಕೂತಿದ್ದರು. ಅವಳು ನೋಡಲಿಲ್ಲವೆಂಬಂತೆ ಮುಂದೆ ಹೋಗಿಬಿಟ್ಟಳು. ಆ ನೋಟ ಮಾತ್ರ ಕಣ್ಣಿನಿಂದ ಹೋಗಿರಲಿಲ್ಲ.

ಈಗ ಹಳೆಯ ಮಷಿನ್ನೊಂದು ಮೂವತ್ತಕ್ಕೆ ಸಿಗುವುದಿತ್ತು. ಸ್ವಂತ ಓವರ್‌ಲಾಕ್ ಇದ್ದರೆ ನೂರಿಪ್ಪತ್ತು ಸ್ಕರ್ಟು ನಿಮಗೇ ಎಂದು ಶಾಲೆಯವರು ಹೇಳಿದ್ದರು. ತಿಂಗಳ ಕೊನೆಯೊಳಗೆ ಹೇಳಬೇಕು.

ಗುಂಡಕ್ಕ ಎಲ್ಲ ಒಪ್ಪಿಸಿದ ಮೇಲೆ ಮಾಸ್ಟರು ಪಿನ್ನುಗಳನ್ನು ಒಂದೊಂದೇ ತೆಗೆದು ಪಿನ್ನು ಚುಚ್ಚುವ ದಿಂಬಿಗೆ ಸಿಕ್ಕಿಸಿದರು. ಮಾತಾಡುವುದಕ್ಕೇ ಪಿನ್ನು ತೆಗೆಯುತ್ತಿದ್ದಾರೆಂದರೆ ವಿಷಯ ದೊಡ್ಡದು ಎಂದೇ ಅರ್ಥ.

"ಮಷಿನ್ ಇವತ್ತಲ್ಲ ನಾಳೆ ಬರುತ್ತೆ. ಹಲ್ಲು ಹೋದ್ರೆ ಬರುತ್ತೇನೆ?"

"ಶಾಲೆ ಕೆಲಸ?"

"ಹೋಗ್ಲಿ ಬಿಡೇ."

ಅಷ್ಟೇ. ಮಧ್ಯಾಹ್ನ ಬ್ಯಾಂಕಿಗೆ ಹೋಗಿ ಹನ್ನೆರಡು ಸಾವಿರ ತಂದು ಕಾಗದದಲ್ಲಿ ಸುತ್ತಿ ಅವಳ ಕೈಯಲ್ಲಿಟ್ಟರು.

ಡಾಕ್ಟರಮ್ಮನ ಕೈ ಹಗುರ. ಹಲ್ಲಿನ ಹಿಂಭಾಗದಲ್ಲಿ ತೂತು ಮಾಡಿ, ಕೀವು ತೆಗೆದು, ತಾತ್ಕಾಲಿಕವಾಗಿ ಸಿಮೆಂಟು ತುಂಬಿದಳು. ಎರಡು ದಿನದಲ್ಲಿ ಊತ ಇಳಿಯಿತು. ಮೂರನೆಯ ದಿನ ನೋವಿನ ಸುಳಿವೂ ಇಲ್ಲ. ಕನ್ನಡಿ ನೋಡಿದರೆ ಹಲ್ಲು ಹೇಗಿತ್ತೋ ಹಾಗೇ ಇದೆ. ನೋವಿಲ್ಲದ ಹಲ್ಲಿಗೆ ಇನ್ನೂ ಎಂಟು ಸಾವಿರ ಯಾಕೆ?

ಆ ಯೋಚನೆ ಬಂದ ಮೇಲೆ ಅದನ್ನು ಓಡಿಸಲು ಅವಳಿಂದಾಗಲಿಲ್ಲ. ಮೂವತ್ತನಾಲ್ಕರಲ್ಲಿ ನಾಲ್ಕು ಹೋದರೆ ಸರಿಯಾಗಿ ಮೂವತ್ತು ಉಳಿಯುತ್ತದೆ. ಸರಿಯಾಗಿ ಮಷಿನ್ನಿನ ಬೆಲೆ. ಎರಡನೆಯ ಸಲಕ್ಕೆಂದು ಹೊರಟವಳು ಔಷಧಿ ಅಂಗಡಿಯ ಮೆಟ್ಟಿಲವರೆಗೆ ಹೋದಳು. ಅಲ್ಲಿ ಸ್ವಲ್ಪ ಹೊತ್ತು ನಿಂತಳು. ವಾಪಸು ಬಂದು ಎಂಟು ಸಾವಿರವನ್ನು ಗಂಡನ ಮುಂದಿಟ್ಟಳು.

"ಎಲ್ಲಾ ಮುಗೀತು ರೀ. ನಾವು ಬಡವರು ಅಂತ ಡಾಕ್ಟರಮ್ಮ ನಾಲ್ಕೇ ಸಾವಿರ ಸಾಕು ಅಂದ್ರು."

ಮಾಸ್ಟರು ಹಣವನ್ನು ನೋಡಿದರು, ಅವಳ ಬಾಯಿಯನ್ನು ನೋಡಿದರು. ಅವಳು ಹಲ್ಲು ಬಿಟ್ಟು ತೋರಿಸಿದಳು. ಅವರ ಮುಖ ಅರಳಿದ್ದನ್ನು ನೋಡಿ ಅವಳಿಗೆ ಮಾಡಿದ್ದು ಸರಿ ಅನ್ನಿಸಿತು. ಒಂದೇ ಒಂದು ಗಳಿಗೆ. ಯಾಕೆಂದರೆ ಅವರು ಕೂಡಲೇ ಎದ್ದು ಬೀರುವಿನಿಂದ ಬಿಳಿ ಬಟ್ಟೆ ತೆಗೆದರು.

"ಇದೇನ್ರೀ?"

"ನೀನೇ ಹೇಳಿದ್ದೆಯಲ್ಲ, ಆ ಮಗು ಕೋಟಿಗೆ ಸ್ಟೇಪ್ಲರ್ ಹೊಡ್ಕೊಂಡಿದೆ ಅಂತ. ಇಷ್ಟು ಮಾಡಿದಾಳೆ ನಮಗೆ. ಒಂದು ಕೋಟು ಹೊಲ್ಕೊಡೋಣ. ಅಳತೆ ಹೇಳು."

ಒಮ್ಮೆ ಕಂಡವರ ಅಳತೆಯನ್ನು ಕಣ್ಣಲ್ಲೇ ಹೇಳಬಲ್ಲ ಗುಂಡಕ್ಕ ಅಂದು ಎರಡು ಸಲ ತಪ್ಪು ಹೇಳಿದಳು.

ಇಡೀ ವಾರ ಮಾಸ್ಟರು ಮಾತಾಡಿದರು! ಗಿರಾಕಿಗಳ ಹತ್ತಿರ, ಪಕ್ಕದ ಇಸ್ತ್ರಿ ಅಂಗಡಿಯವರ ಹತ್ತಿರ, ಪಿನ್ನು ಕೈಯಲ್ಲಿ ಹಿಡಿದುಕೊಂಡು. "ಈ ಕಾಲದಲ್ಲೂ ಇಂಥ ಡಾಕ್ಟರು ಇದಾರೆ ನೋಡಿ," ಅಂತ. ಕಂಡಕ್ಟರ್ ಕೇಳಿ ಕುಣಿದ. "ನಮ್ಮಮ್ಮಂಗೆ ನಾಲ್ಕು ಹಲ್ಲು ಕಟ್ಟಿಸ್ಬೇಕು ಮಾಸ್ಟರೇ. ನಾಳೇನೇ ಹೋಗಿ ನಿಮ್ಮ ಹೆಸರು ಹೇಳ್ತೀನಿ." ಒಂದು ಸುಳ್ಳು ಹೇಳಿದರೆ ಅದು ಮನೆಯಲ್ಲಿ ತೆಪ್ಪಗಿರುತ್ತದೆಂದು ಗುಂಡಕ್ಕ ತಿಳಿದಿದ್ದಳು. ಅದು ಬೀದಿಗೆ ಇಳಿದು ಕೈಬೀಸಿಕೊಂಡು ಓಡಾಡುತ್ತಿತ್ತು.

ಮಷಿನ್ನಿಗೆ ಮೂವತ್ತು ಸಾವಿರ ಕೊಟ್ಟಾಯಿತು. ಶಾಲೆಗೆ ಹೇಳಿಯಾಯಿತು. ಮಾರನೆಯ ದಿನ ಮಷಿನ್ನು ಬರುವುದೆಂಬ ಹೊತ್ತಿಗೆ ಕೋಟು ಸಿದ್ಧವಾಗಿ ಗುಂಡಕ್ಕನ ಮಡಿಲಿಗೆ ಬಂತು. ಐದು ಗುಂಡಿ ಮಾತ್ರ ಬಾಕಿ. ಮಾಸ್ಟರು ಹೊಲಿದ ಕೋಟು ನೋಡಿದರೆ ಕಣ್ಣು ತುಂಬಬೇಕು. ಕಾಲರಿನ ಎರಡು ತುದಿಯೂ ಒಂದೇ ಅಚ್ಚು, ಜೇಬಿನ ಮೂಲೆಗೆ ಎರಡೆರಡು ಹೊಲಿಗೆ. ಮೊದಲ ಗುಂಡಿ, ಟಕ್. ಎರಡನೆಯದು, ಟಕ್. ಮೂರು, ನಾಲ್ಕು. ಐದನೆಯ ಗುಂಡಿಗೆ ಗಂಟು ಹಾಕಿ ಬಟ್ಟೆಯನ್ನು ಮುಖಕ್ಕೆ ತಂದು ಕಚ್ಚಿದಳು.

ಟಕ್ ಅನ್ನಲಿಲ್ಲ. ಒಣಕಡ್ಡಿ ಮುರಿದ ಸದ್ದು. ದಾರ ಹಾಗೇ ಇತ್ತು. ನಾಲಿಗೆಯ ಮೇಲೆ ಹಲ್ಲು ಬಿದ್ದಿತ್ತು.

ನೋವಾಗಲಿಲ್ಲ, ಅದೇ ವಿಚಿತ್ರ. ಮಾಸ್ಟರು ಬೆನ್ನು ತಿರುಗಿಸಿ ಮಷಿನ್ನಿಗೆ ಜಾಗ ಗುಡಿಸುತ್ತಿದ್ದರು. ಗುಂಡಕ್ಕ ಹಲ್ಲನ್ನು ಅಂಗೈಗೆ ಉಗಿದುಕೊಂಡು ಗುಂಡಿಯ ಡಬ್ಬಿಗೆ ಹಾಕಿದಳು. ಬಿಳಿ ಗುಂಡಿಗಳ ನಡುವೆ ಅದೂ ಒಂದು ಗುಂಡಿಯೇ ಅನ್ನುವ ಹಾಗಿತ್ತು. ಕತ್ತರಿ ತಂದು ದಾರ ಕತ್ತರಿಸಿದಳು. ಕೋಟು ಮಡಿಸಿಟ್ಟಳು.

ಆಮೇಲೆ ಏನು ಮಾಡುವುದೆಂದು ತಿಳಿಯದೆ, ದಿಂಬಿನಿಂದ ಆರು ಗುಂಡುಪಿನ್ನು ಕಿತ್ತು ತುಟಿಗಳ ನಡುವೆ ಇಟ್ಟುಕೊಂಡಳು.

ಬೇರೆ ಯಾರಿಗೂ ಈ ಉಪಾಯ ಹೊಳೆಯುತ್ತಿರಲಿಲ್ಲ. ಟೈಲರ್ ಬಾಯಲ್ಲಿ ಪಿನ್ನಿದ್ದರೆ ಯಾರೂ ಮಾತಾಡಿಸುವುದಿಲ್ಲ. ಸಂಜೆಯವರೆಗೆ ಗುಂಡಕ್ಕ 'ಹೂಂ', 'ಊಹೂಂ' ಎರಡರಲ್ಲೇ ದಿನ ತಳ್ಳಿದಳು. ಜೇಬು ಹೊಲಿಸಿದ ಪ್ಯಾಂಟು ಒಯ್ಯಲು ಬಂದ ಕಂಡಕ್ಟರ್ ಬಾಗಿಲಲ್ಲೇ ನಿಂತ. "ಅಯ್ಯಯ್ಯೋ, ಮಾಸ್ಟರ ಕಾಯಿಲೆ ಅಂಟಿಕೊಂಡ್ತಾ ಅಕ್ಕಾ? ಇನ್ನು ನಾನು ಯಾರ ಹತ್ರ ಬೈಸ್ಕೋಬೇಕು?" ಅವನು ಹಲ್ಲಿನ ಆಸ್ಪತ್ರೆಯ ಮಾತೆತ್ತಲಿಲ್ಲ. ಅಲ್ಲಿಗೆ ಹೋಗಿದ್ದನೋ ಇಲ್ಲವೋ ಕೇಳುವುದಕ್ಕೆ ಅವಳಿಗೆ ಬಾಯೇ ಇರಲಿಲ್ಲ.

ಊಟಕ್ಕೆ ಕೂತಾಗ ತಲೆನೋವೆಂದು ಕೈಸನ್ನೆ ಮಾಡಿ ಮಲಗಿಬಿಟ್ಟಳು.

ಬೆಳಗ್ಗೆ ಮಷಿನ್ನು ಬಂತು. ಇಳಿಸಿದವರು ಹೋದ ಮೇಲೆ ಮಾಸ್ಟರು ಅದರ ಮೈಯನ್ನು ಒರೆಸಿದರು, ಎಣ್ಣೆ ಬಿಟ್ಟರು, ಚಿಂದಿಯೊಂದನ್ನು ಕೊಟ್ಟು ಓಡಿಸಿ ನೋಡಿದರು. "ಬಾರೇ, ನೋಡು ಇಲ್ಲಿ," ಅಂದರು. ಗುಂಡಕ್ಕ ಬಾಯಲ್ಲಿ ಪಿನ್ನಿಟ್ಟುಕೊಂಡೇ ಬಂದು "ಹೂಂ" ಅಂದಳು. ಅವರು ಒಂದು ಕ್ಷಣ ಅವಳನ್ನೇ ನೋಡಿ, ಕೋಟಿಗೆ ಇಸ್ತ್ರಿ ಹಾಕಲು ಎದ್ದರು.

ಮೇಜಿನ ಮೇಲೆ ಕೋಟು ಹರಡಿ ಗುಂಡಿಗಳ ಮೇಲೆ ಬೆರಳಾಡಿಸಿದರು. ಅದು ಅವರ ರೂಢಿ, ಕೊಡುವ ಮುಂಚೆ ಒಂದು ಸಲ. ಒಂದು, ಎರಡು, ಮೂರು, ನಾಲ್ಕು. ಐದನೆಯದರ ಹತ್ತಿರ ಬೆರಳು ನಿಂತಿತು. ಅಲ್ಲಿ ಅರ್ಧ ಉಗುರಿನಷ್ಟು ದಾರದ ಬಾಲ ಎದ್ದು ನಿಂತಿತ್ತು.

"ಈ ಗುಂಡಿ ಯಾರು ಹಾಕಿದ್ದು?"

"ಹೂಂ," ಅಂದಳು, ನಾನೇ ಅನ್ನುವ ಹಾಗೆ ಎದೆ ಮುಟ್ಟಿ.

ಮಾಸ್ಟರು ಇಸ್ತ್ರಿ ಪೆಟ್ಟಿಗೆ ಆರಿಸಿ, ಹತ್ತಿರ ಬಂದು ಅಂಗೈ ಚಾಚಿದರು. "ಪಿನ್ನು ಕೊಡು."

ಅವಳು ಒಂದೊಂದಾಗಿ ಆರು ಪಿನ್ನು ತೆಗೆದು ಅವರ ಅಂಗೈಯಲ್ಲಿಟ್ಟಳು. ಆರನೆಯದು ಬಂದಾಗ ತುಟಿ ಮುಚ್ಚಿಕೊಂಡಳು.

"ಬಾಯಿ ತೆಗಿಯೇ."

ತೆಗೆದಳು. ನಿನ್ನೆಯಿಂದ ಕಟ್ಟಿಹಾಕಿದ್ದ ಅಳುವೂ ಅದರ ಜೊತೆಗೇ ಹೊರಗೆ ಬಂತು. ಅಳುವಿನ ನಡುವೆ, ಮುಂದಿನ ಹಲ್ಲಿಲ್ಲದೆ ತೊದಲುವ ಮಾತಿನಲ್ಲಿ, ಮೆಟ್ಟಿಲವರೆಗೆ ಹೋಗಿ ತಿರುಗಿದ್ದು, ನಾಲ್ಕೇ ಸಾವಿರದ ಕತೆ, ಸ್ಟೂಲಿನ ಮೇಲೆ ಅವರು ಕೂತಿದ್ದನ್ನು ಕಂಡಿದ್ದು ಎಲ್ಲ ಹೇಳಿದಳು.

ಮಾಸ್ಟರು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೈಯಲ್ಲಿದ್ದ ಪಿನ್ನುಗಳನ್ನು ನೋಡುತ್ತ, "ಊರಿಗೆಲ್ಲ ಹೇಳ್ಕೊಂಡು ಬಂದೆ ನಾನು," ಅಂದರು. ಒಂದು ಪಿನ್ನನ್ನು ಬೆರಳಲ್ಲಿ ಹೊರಳಿಸಿ, "ಆ ಸ್ಟೂಲ್ ಮೇಲೆ ಕೂತ್ರೆ ಮೊಣಕಾಲಿಗೆ ಆರಾಮಾಗ್ತಿತ್ತು ಕಣೇ. ಅಷ್ಟೇ. ನನ್ನನ್ನ ಒಂದ್ಮಾತು ಕೇಳಬಾರದಿತ್ತಾ?"

ಆಮೇಲೆ ಪಿನ್ನುಗಳನ್ನು ತಮ್ಮ ಬಾಯಿಗೆ ಇಟ್ಟುಕೊಂಡುಬಿಟ್ಟರು. ಕೈಯಲ್ಲಿ ಗಿರಾಕಿಯ ಬಟ್ಟೆ ಇರಲಿಲ್ಲ, ಅಳತೆ ಪಟ್ಟಿಯೂ ಇರಲಿಲ್ಲ.

ಕೋಟು ಮತ್ತು ಮುರಿದ ಹಲ್ಲು ಎರಡನ್ನೂ ಚೀಲದಲ್ಲಿಟ್ಟುಕೊಂಡು ಇಬ್ಬರೂ ಮಹಡಿ ಹತ್ತಿದರು. ಮೊಣಕಾಲಿನಿಂದಾಗಿ ಮಾಸ್ಟರಿಗೆ ಒಂದೊಂದು ಮೆಟ್ಟಿಲಿಗೂ ಎರಡು ಹೆಜ್ಜೆ. ಅವಳು ಮುಂದೆ ಹೋಗದೆ ಅವರ ಹೆಜ್ಜೆಗೇ ಹತ್ತಿದಳು. ಕೌಂಟರಿನಲ್ಲಿದ್ದ ಹೆಂಗಸು ಗುಂಡಕ್ಕ ತುಟಿಗೆ ಕರ್ಚೀಫು ಒತ್ತಿಕೊಂಡಿದ್ದನ್ನು ಕಂಡು, ಎಲ್ಲರ ಮುಂದೆ ಏನೂ ಕೇಳದೆ, ಚೀಟಿಯಲ್ಲಿ ಬರೆದುಕೊಡಿ ಅಂತ ಪೆನ್ನು ಸರಿಸಿದಳು. ಮಾಸ್ಟರು ಬರೆಯುತ್ತಿದ್ದಾಗ ಮೆಲ್ಲಗೆ ಗುಂಡಕ್ಕನ ಕಿವಿಯಲ್ಲಿ ಅಂದಳು: "ನಿಮ್ಮ ಕಡೆಯವರೊಬ್ರು ಬಂದಿದ್ರು, ಕಂಡಕ್ಟರು, ರಿಯಾಯಿತಿ ಕೇಳ್ಕೊಂಡು. 'ಅವರದು ಬೇರೆ ಕೇಸು, ನಿಮ್ಮಮ್ಮಂದು ನೋಡಿ ಹೇಳ್ತೀನಿ' ಅಂತ ಡಾಕ್ಟರ್ ಅವರನ್ನ ಕಳಿಸಿದ್ರು. ನಿಮ್ಮ ವಿಷಯ ಏನೂ ಹೇಳಲಿಲ್ಲ."

ಡಾಕ್ಟರಮ್ಮ ಬಹಳ ಹೊತ್ತು ನೋಡಿದಳು. ಹಲ್ಲಿನ ಬೇರಿನ ಎಕ್ಸ್‌ರೇ ತೆಗೆದಳು.

"ಒಳಗೆ ಟೊಳ್ಳಾಗಿದ್ದ ಹಲ್ಲು. ಕ್ಯಾಪಿಲ್ಲದೆ ಅದರಲ್ಲಿ ದಾರ ಕಚ್ಚಿದ್ರೆ ಇನ್ನೇನಾಗುತ್ತೆ? ಪುಣ್ಯಕ್ಕೆ ಬೇರು ಸೀಳಿಲ್ಲ. ಬೇರು ಮುಚ್ಚಿ, ಅದರಲ್ಲೊಂದು ಕಡ್ಡಿ ನಿಲ್ಲಿಸಿ, ಅದರ ಮೇಲೆ ಹಲ್ಲು ಕಟ್ಟಬೇಕು. ಮುಂಚಿನ ಎಂಟರ ಜೊತೆಗೆ ಇನ್ನು ಮೂರೂವರೆ."

ಹನ್ನೊಂದೂವರೆ. ಬ್ಯಾಂಕಿನಲ್ಲಿ ಈಗ ಸೊನ್ನೆ. ಗುಂಡಕ್ಕ ಕಣ್ಣು ಮುಚ್ಚಿ, "ಕಿತ್ತುಬಿಡಿ," ಅಂದಳು. ಮಾಡಿದ ತಪ್ಪಿಗೆ ಅದೇ ಸರಿ ಅನ್ನಿಸಿತು ಅವಳಿಗೆ. ಉಳಿದ ಆಯುಷ್ಯ ಬಾಯಿ ಮುಚ್ಚಿಕೊಂಡಿದ್ದರಾಯಿತು.

"ಊಹೂಂ," ಅಂದರು ಮಾಸ್ಟರು ಮೂಲೆಯಿಂದ. ಬಾಯಲ್ಲಿ ಪಿನ್ನಿರಲಿಲ್ಲ. ಆದರೂ ಅಷ್ಟೇ ಅಂದರು.

ಡಾಕ್ಟರಮ್ಮ ಅವರಿಬ್ಬರನ್ನೂ ನೋಡಿದಳು. "ಬೇರು ಮಾತ್ರ ಇವತ್ತೇ ಮುಚ್ಚಲೇಬೇಕು. ಎಷ್ಟಿದೆ ಅಷ್ಟು ಕೊಡಿ. ಕಡ್ಡಿ ಇಟ್ಟು ಮೇಲೊಂದು ತಾತ್ಕಾಲಿಕ ಹಲ್ಲು ಕೂರಿಸ್ತೀನಿ. ಎರಡು ತಿಂಗಳು ಬಿಟ್ಟು, ದುಡ್ಡು ಆದಾಗ ಕ್ಯಾಪು. ಆದ್ರೆ ಅಲ್ಲಿವರೆಗೆ ಅದರಲ್ಲಿ ಒಂದು ದಾರಾನೂ ಕಚ್ಚೋ ಹಾಗಿಲ್ಲ, ಅಮ್ಮ. ಒಂದೂ. ಈ ಸಲ ಮುರಿದ್ರೆ ಬೇರೂ ಸೀಳುತ್ತೆ. ಆಮೇಲೆ ಕೀಳೋದೊಂದೇ ದಾರಿ."

ಮಾಸ್ಟರು ಜೇಬಿನಲ್ಲಿದ್ದ ಎರಡು ಸಾವಿರವನ್ನು ಮೇಜಿನ ಮೇಲಿಟ್ಟರು. ಅದರ ಪಕ್ಕದಲ್ಲಿ ಕೋಟು. ಡಾಕ್ಟರಮ್ಮ ಬಿಡಿಸಿ ನೋಡಿದಳು, ತೊಟ್ಟು ನೋಡಿದಳು. ಭುಜ ಭುಜಕ್ಕೆ, ಮಣಿಕಟ್ಟು ಮಣಿಕಟ್ಟಿಗೆ ಕೂತಿತ್ತು. "ಇದರ ಬೆಲೆ ಬಿಲ್ಲಲ್ಲಿ ಮುರಿದುಕೊಳ್ತೀನಿ," ಅಂದಳು.

"ಬೇಡಮ್ಮ," ಅಂದರು ಮಾಸ್ಟರು. "ರಿಯಾಯಿತಿ ಕೊಟ್ರಿ ಅಂತ ಹೊಲಿದೆ. ಕೊಡಲಿಲ್ಲ ಅಂತ ಬಿಚ್ಚೋಕಾಗುತ್ತಾ?" ಆ ಕೋಣೆಯಲ್ಲಿ ನಕ್ಕವಳು ಡಾಕ್ಟರಮ್ಮ ಒಬ್ಬಳೇ.

ನಾಲ್ಕು ದಿನದ ಮೇಲೆ ಶಾಲೆಯ ಬಟ್ಟೆ ಬಂತು. ನೂರಿಪ್ಪತ್ತು ಸ್ಕರ್ಟು, ಪ್ರತಿಯೊಂದಕ್ಕೂ ಅಂಚು, ಎರಡು ಹುಕ್ಕು, ಒಂದು ಗುಂಡಿ. ದಾರ ಎಷ್ಟು ಸಲ ತುಂಡಾಗಬೇಕೆಂದು ಗುಂಡಕ್ಕ ಲೆಕ್ಕ ಹಾಕಲು ಹೋಗಿ ಹೆದರಿ ಬಿಟ್ಟುಬಿಟ್ಟಳು. ಓವರ್‌ಲಾಕ್ ಗುರ್ರೆಂದು ಓಡುತ್ತಿತ್ತು. ಮಾಸ್ಟರು ಅವಳೊಡನೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡಿರಲಿಲ್ಲ. ಆದರೆ ಅಂದು ಬೆಳಗ್ಗೆ ಅವಳು ಕೂರುವ ಚಾಪೆಯ ಮೇಲೆ ಒಂದು ಪುಟ್ಟ ಕತ್ತರಿ ಇತ್ತು. ಅದರ ಹಿಡಿಗೆ ಶಾಲೆಯ ಸ್ಕರ್ಟಿನದೇ ನೀಲಿ ಬಟ್ಟೆಯ ಪಟ್ಟಿ. ಕೊರಳಿಗೆ ಹಾಕಿಕೊಳ್ಳುವಷ್ಟು ಉದ್ದ, ಒಳಅಂಚಿಗೆ ಹೊಸ ಮಷಿನ್ನಿನ ಹೊಲಿಗೆ.

ಅವಳು ಅದನ್ನು ಕೊರಳಿಗೆ ಹಾಕಿಕೊಂಡಳು. ಮೊದಲ ಸ್ಕರ್ಟಿನ ಗುಂಡಿ ಹೊಲಿದಳು, ಗಂಟು ಹಾಕಿದಳು. ಕೈ ತನ್ನಷ್ಟಕ್ಕೆ ತಾನೇ ಬಟ್ಟೆಯನ್ನು ಮುಖಕ್ಕೆ ತಂದಿತು. ದಾರ ತುಟಿಗೆ ತಾಕಿತು.

"ಊಹೂಂ! ಊಹೂಂ!"

ಬಾಯಿ ತುಂಬ ಪಿನ್ನಿಟ್ಟುಕೊಂಡು, ಗಿರಾಕಿಯ ತೋಳನ್ನು ಅರ್ಧಕ್ಕೇ ಬಿಟ್ಟು ಮಾಸ್ಟರು ಅವಳ ಕಡೆ ತಿರುಗಿದ್ದರು. ತೋಳು ಚಾಚಿ ನಿಂತಿದ್ದ ಗಿರಾಕಿ, ತನ್ನ ಕೋಟಿನಲ್ಲೇ ಏನೋ ಎಡವಟ್ಟಾಯಿತೆಂದು ಗಾಬರಿಯಾಗಿ ಕೆಳಗೆ ಮೇಲೆ ನೋಡಿಕೊಂಡ.

ಗುಂಡಕ್ಕ ಬಟ್ಟೆಯನ್ನು ಮಡಿಲಿಗಿಳಿಸಿ, ಕೊರಳಿನ ಕತ್ತರಿ ಹಿಡಿದು ದಾರ ಕತ್ತರಿಸಿದಳು. ಚಿಕ್ಕ ಬಾಲ ಉಳಿಯಿತು. ಮತ್ತೊಮ್ಮೆ, ಇನ್ನಷ್ಟು ಬುಡಕ್ಕೆ ಕತ್ತರಿಸಿದಳು. ಬೆರಳಾಡಿಸಿ ನೋಡಿದಳು. ಇನ್ನೂ ಸ್ವಲ್ಪ ಸಿಗುತ್ತಿತ್ತು.

"ನಿಮ್ಮದೇನೂ ಆಗಿಲ್ಲ ಬಿಡಿ ಸ್ವಾಮಿ, ಗಟ್ಟಿಯಾಗಿದೆ," ಅಂದಳು ಗಿರಾಕಿಗೆ, ತಾತ್ಕಾಲಿಕ ಹಲ್ಲಿನ ಮೇಲೆ ಕೈ ಅಡ್ಡ ಹಿಡಿದುಕೊಂಡು. "ಅವರು ಹೇಳಿದ್ದು ನನಗೆ."

ಮತ್ತೆ ಸೂಜಿಗೆ ದಾರ ಪೋಣಿಸಿದಳು. ನೂರಾ ಹತ್ತೊಂಬತ್ತು ಬಾಕಿ ಇದ್ದವು.